ಅಜ್ಜನ ತಟ್ಟೆಗೆ ಯಾವ ಮುಳ್ಳು?

ಹೋದ ದೀಪಾವಳಿಗೆ ಆಳಂದ ತಾಲ್ಲೂಕಿನ ನಮ್ಮೂರು ಭೂಸನೂರಿಗೆ ಹೋದಾಗ ಅಜ್ಜನ ಟ್ರಂಕಿನಲ್ಲಿ ಒಂದು ಗ್ರಾಮಫೋನ್ ತಟ್ಟೆ ಸಿಕ್ಕಿತು. ಮೇಲೆ 'ಗಾಂಧಾರಿ ಹಾನಗಲ್' ಎಂಬ ಹೆಸರು. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ ಅವರ ಎಚ್‌ಎಂವಿ ತಟ್ಟೆಗಳು ಈ ಹೆಸರಿನಲ್ಲೂ ಬಂದಿದ್ದವು!

ಪಕ್ಕದಲ್ಲೇ ಕೀಲಿ ಕೊಡುವ ಹಳೇ ಗ್ರಾಮಫೋನ್. ಹಾಕಲು ಹೋದೆ. "ಬ್ಯಾಡೋ ತಮ್ಮಾ, ಹಾಡು ಸವೀತದ" ಅಂದರು ಕಾಕಾ.

ನಿಜವೇ. ಅರಗಿನ ಆ ತಟ್ಟೆಯ ಮೇಲೆ ಉಕ್ಕಿನ ಮುಳ್ಳು ಭಾರವಾಗಿ ಕೂರುತ್ತದೆ. ಒಂದು ಮಗ್ಗುಲು ಮುಗಿದರೆ ಮುಳ್ಳು ಬದಲಿಸಬೇಕು. ಮುಳ್ಳಿನ ಜೊತೆ ತಟ್ಟೆಯೂ ಸವೆಯುತ್ತದೆ.

ಸರಿ, ಹೊಸದನ್ನೇ ಕೊಳ್ಳೋಣವೆಂದರೆ ಇನ್ನೊಂದು ತೊಡಕು. 1948ರಲ್ಲಿ ಎಲ್‌ಪಿ ಬಂದಾಗ ತಟ್ಟೆಯ ಗೀರು ಸಣ್ಣದಾಯಿತು, ವೇಗ ನಿಮಿಷಕ್ಕೆ 78 ಸುತ್ತಿನಿಂದ 33ಕ್ಕಿಳಿಯಿತು. ಈಗಿನ ಎಷ್ಟೋ ಟರ್ನ್‌ಟೇಬಲ್‌ಗಳಲ್ಲಿ 33 ಮತ್ತು 45 ಮಾತ್ರ ಇವೆ. 78ರ ತಟ್ಟೆಗೆ ಬೇಕಾದ ಮುಳ್ಳು ಎಲ್‌ಪಿಯದಕ್ಕಿಂತ ಸುಮಾರು ಮೂರು ಪಟ್ಟು ದಪ್ಪ.

ಕೊನೆಗೆ 78ರ ವೇಗವಿರುವ, ಮುಳ್ಳು ಬದಲಿಸಬಹುದಾದ ಹೊಸದನ್ನೇ ಕೊಂಡೆ. ದಪ್ಪ ಮುಳ್ಳು ಬೇರೆ ತರಿಸಿದೆ. ಹೊಸಬರಿಗೆ ನನ್ನದೊಂದೇ ಮಾತು: ಹಳೆಯದೋ ಹೊಸದೋ ಅನ್ನುವ ಮೊದಲು ನಿಮ್ಮಲ್ಲಿರುವ ತಟ್ಟೆ ಯಾವುದು ನೋಡಿ.

ಮೊನ್ನೆ ಊರಲ್ಲಿ ಹಾಕಿದೆ. ಮೂರು ನಿಮಿಷ ಕಾಕಾ ಮಾತಾಡಲಿಲ್ಲ. ಆಮೇಲೆ ಅಂದರು, "ಇನ್ನೊಂದ್ ಮಗ್ಗಲಾ ಹಾಕು."