ಕೋಲು ಯಾವ ಕೈಯಲ್ಲಿ?

1956ರಲ್ಲಿ ಅಮೆರಿಕದ ಮೂಳೆ ವೈದ್ಯರ ಪತ್ರಿಕೆಯೊಂದರಲ್ಲಿ ‘ಊರುಗೋಲನ್ನು ಎಸೆಯಬೇಡಿ’ ಅನ್ನೋ ತಲೆಬರಹದ ಲೇಖನ ಬಂತು. ಬರೆದವರು ಮಿಲ್ವಾಕೀ ಊರಿನ ಸರ್ಜನ್ ವಾಲ್ಟರ್ ಬ್ಲೌಂಟ್. ಬಾಗಿದ ಬೆನ್ನುಮೂಳೆಗೆ ಹಾಕುವ ‘ಮಿಲ್ವಾಕೀ ಬ್ರೇಸ್’ನಿಂದ ಹೆಸರಾದವರು. ಆಪರೇಷನ್ ಮಾಡೋ ಡಾಕ್ಟರೇ ಒಂದು ಕೋಲಿನ ಪರವಾಗಿ ವಕಾಲತ್ತು ವಹಿಸಿದ್ದರು. ಸೊಂಟದ ಕೀಲಿನ ನೋವಿಗೆ ಕತ್ತರಿ ಹಾಕದೆ ಮಾಡುವ ಚಿಕಿತ್ಸೆಯ ಇತಿಹಾಸ ಓದ್ತಾ ಹೋದಂತೆ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಈ ವಕಾಲತ್ತೇ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ನಾವು ಬೆನ್ನಿನ ಕೆಳಭಾಗಕ್ಕೂ ಸೊಂಟ ಅಂತೀವಿ, ತೊಡೆಮೂಳೆ ಬಂದು ಕೂಡುವ ಕೀಲಿಗೂ ಸೊಂಟ ಅಂತೀವಿ. ನಾನಿಲ್ಲಿ ಹೇಳ್ತಿರೋದು ಕೀಲಿನ ವಿಷಯ. ಬಟ್ಟಲಿನೊಳಗೆ ಗುಂಡು ತಿರುಗಿದ ಹಾಗೆ ತಿರುಗೋ ಕೀಲು ಅದು. ಸವೆದಾಗ ನೋವು ಹೆಚ್ಚಾಗಿ ಕಾಣಿಸಿಕೊಳ್ಳೋದು ತೊಡೆಸಂದಿನಲ್ಲಿ, ಕೆಲವೊಮ್ಮೆ ಮಂಡಿಯಲ್ಲಿ. ಹಾಗಾಗಿ ಎಷ್ಟೋ ಜನ ವರ್ಷಗಟ್ಟಲೆ ಮಂಡಿಗೇ ಎಣ್ಣೆ ತಿಕ್ಕುತ್ತಾ ಇರ್ತಾರೆ.

ಮಾತ್ರೆಗಳ ಕಥೆ ಮರದ ತೊಗಟೆಯಿಂದ ಶುರು. 1763ರಲ್ಲಿ ಇಂಗ್ಲೆಂಡಿನ ಪಾದ್ರಿ ಎಡ್ವರ್ಡ್ ಸ್ಟೋನ್, ವಿಲ್ಲೋ ಮರದ ತೊಗಟೆಯ ಪುಡಿ ಜ್ವರಕ್ಕೆ ಆಗುತ್ತೆ ಅಂತ ರಾಯಲ್ ಸೊಸೈಟಿಗೆ ಕಾಗದ ಬರೆದ. ಆ ತೊಗಟೆಯ ಸತ್ವದ ಜಾಡು ಹಿಡಿದು ಹೋದ ರಸಾಯನಶಾಸ್ತ್ರ ಕೊನೆಗೆ ಮುಟ್ಟಿದ್ದು 1899ರಲ್ಲಿ ಬಾಯರ್ ಕಂಪನಿ ಮಾರುಕಟ್ಟೆಗೆ ತಂದ ಆಸ್ಪಿರಿನ್‌ಗೆ. ಮುಂದಿನ ಪವಾಡ 1948ರದ್ದು. ಮೇಯೋ ಕ್ಲಿನಿಕ್‌ನ ಫಿಲಿಪ್ ಹೆಂಚ್, ಸಂಧಿವಾತದಿಂದ ಕುಗ್ಗಿಹೋಗಿದ್ದ ಹೆಣ್ಣುಮಗಳೊಬ್ಬಳಿಗೆ ಇಂದು ನಾವು ಕಾರ್ಟಿಸೋನ್ ಅನ್ನೋ ಔಷಧಿಯ ಇಂಜೆಕ್ಷನ್ ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದಳು. 1950ರಲ್ಲಿ ಹೆಂಚ್ ಮತ್ತು ಇನ್ನಿಬ್ಬರಿಗೆ ನೊಬೆಲ್ ಬಂತು.

ಆದರೆ ಪ್ರತಿ ಪವಾಡದ ಹಿಂದೆಯೂ ಒಂದು ಬಿಲ್ ಬಂತು. ಆಸ್ಪಿರಿನ್ ಹೊಟ್ಟೆಯಲ್ಲಿ ಹುಣ್ಣು ಮಾಡಿತು. ಸ್ಟಿರಾಯ್ಡನ್ನು ಹೆಚ್ಚು ಪ್ರಮಾಣದಲ್ಲಿ, ಹೆಚ್ಚು ಕಾಲ ತಗೊಂಡರೆ ತೊಡೆಮೂಳೆಯ ಗುಂಡಿಗೆ ರಕ್ತ ಹೋಗೋದೇ ನಿಂತು ಮೂಳೆ ಸಾಯಬಹುದು ಅನ್ನೋದು ಗೊತ್ತಾಯ್ತು. ಕೀಲಿಗೆಂದು ಬಂದ ಮದ್ದು ಕೀಲನ್ನೇ ತಿನ್ನಬಲ್ಲುದು! ಹೊಟ್ಟೆಗೆ ತೊಂದರೆ ಕೊಡಲ್ಲ ಅಂತ 1999ರಲ್ಲಿ ಬಂದ ವಯಾಕ್ಸ್ ಅನ್ನೋ ಮಾತ್ರೆ, ಹೃದಯಾಘಾತದ ಅಪಾಯ ಹೆಚ್ಚಿಸುತ್ತೆ ಅಂತ ಸಾಬೀತಾಗಿ 2004ರಲ್ಲಿ ವಾಪಸ್ ಹೋಯ್ತು.

ಈ ಗದ್ದಲದ ಪಕ್ಕದಲ್ಲೇ ಇನ್ನೊಂದು ಕಥೆ ಸದ್ದಿಲ್ಲದೆ ನಡೆದಿತ್ತು. 1813ರಲ್ಲಿ ಪೆರ್ ಹೆನ್ರಿಕ್ ಲಿಂಗ್ ಸ್ಟಾಕ್‌ಹೋಮ್‌ನಲ್ಲಿ ವ್ಯಾಯಾಮಕ್ಕೇ ಒಂದು ಶಾಲೆ ತೆರೆದ. ವ್ಯಾಯಾಮವೂ ಚಿಕಿತ್ಸೆ ಅನ್ನೋ ಆ ಧಾರೆಯಿಂದ ಬಂದದ್ದೇ ಇಂದಿನ ಫಿಸಿಯೋಥೆರಪಿ. ಇದರಲ್ಲಿ ಪವಾಡ ಇಲ್ಲ. ಮೂರು ತಿಂಗಳು ದಿನಾ ಮಾಡಬೇಕು, ಅಷ್ಟೇ.

ಕೋಲಿನ ಕಥೆಗೆ ಬರೋಣ. ನಮ್ಮಮ್ಮನ ಬಲಗಡೆ ಕೀಲು ಸವೆದಿದೆ. ಕೋಲು ತಂದುಕೊಟ್ಟರೆ ಬಾಗಿಲ ಸಂದಿಗೆ ಒರಗಿಸಿಬಿಟ್ಟಳು. “ನಾನೇನು ಮುದುಕೀನೇನೋ? ಕೋಲು ಹಿಡ್ಕೊಂಡು ಡೈರಿಗೆ ಹಾಲು ಹಾಕೋಕೆ ಹೋದ್ರೆ ಊರೋರು ಏನಂದ್ಕೋತಾರೆ?” ಕೋಲು ಹಿಡಿಯೋದರ ಬದಲು ಡೈರಿಗೆ ಹೋಗೋದನ್ನೇ ಬಿಟ್ಟಳು. ನಡೆಯೋದು ನಿಂತರೆ ಸ್ನಾಯು ಸೊರಗುತ್ತೆ, ಸ್ನಾಯು ಸೊರಗಿದರೆ ನೋವು ಹೆಚ್ಚುತ್ತೆ, ನೋವು ಹೆಚ್ಚಿದರೆ ನಡಿಗೆ ಇನ್ನೂ ಕಮ್ಮಿ. ಹಾಗೂ ಹೀಗೂ ಒಪ್ಪಿಸಿದರೆ ಕೋಲು ಹಿಡಿದದ್ದು ಬಲಗೈಯಲ್ಲಿ. ಎಡಗೈಗೆ ತಗೋ ಅಂದೆ. “ನೋವಿರೋ ಕಡೆ ತಾನೇ ಆಸರೆ ಬೇಕಾಗಿರೋದು?” ಅಂದಳು.

ನ್ಯಾಯವಾದ ಪ್ರಶ್ನೆ. ಉತ್ತರ ಸಿಗೋದು ಜರ್ಮನಿಯ ಮೂಳೆ ವೈದ್ಯ ಫ್ರೀಡ್ರಿಕ್ ಪಾವೆಲ್ಸ್ ಹಾಕಿದ ಲೆಕ್ಕದಲ್ಲಿ. ತೊಡೆಮೂಳೆಯ ಕುತ್ತಿಗೆ ಮುರಿಯೋದು ಒಂದು ಯಂತ್ರಶಾಸ್ತ್ರದ ಸಮಸ್ಯೆ ಅಂತ 1935ರಲ್ಲಿ ಪುಸ್ತಕವನ್ನೇ ಬರೆದವರು ಅವರು. ಆ ದಾರಿಯಲ್ಲೇ ಒಂದು ಅಂದಾಜು ಲೆಕ್ಕ ಹಾಕೋಣ. 60 ಕೆ.ಜಿ. ತೂಕದವರು ಬಲಗಾಲಿನ ಮೇಲೆ ಮಾತ್ರ ನಿಂತಿದ್ದಾರೆ. ಆ ಕಾಲು ಬಿಟ್ಟು ಉಳಿದ ಮೈ ಸುಮಾರು 50 ಕೆ.ಜಿ. ಅದರ ಭಾರ ಬೀಳೋದು ಕೀಲಿನಿಂದ ಸುಮಾರು 10 ಸೆಂ.ಮೀ. ಎಡಕ್ಕೆ. ಮೈ ಆ ಕಡೆ ವಾಲದ ಹಾಗೆ ಎಳೆದು ಹಿಡಿಯೋದು ಸೊಂಟದ ಹೊರಮಗ್ಗುಲಿನ ಸ್ನಾಯು. ಅದು ಕೀಲಿನಿಂದ ಇರೋದು ಸುಮಾರು 5 ಸೆಂ.ಮೀ. ಮಾತ್ರ. ತಕ್ಕಡಿಯ ಒಂದು ತೋಳು ಅರ್ಧ ಉದ್ದ ಇದ್ದರೆ ಆ ಕಡೆ ಎರಡರಷ್ಟು ತೂಕ ಬೇಕು ಅಲ್ವಾ? ಹಾಗೇ ಇದಕ್ಕೂ 100 ಕೆ.ಜಿ. ಎಳೆತ ಬೇಕು. ಎರಡೂ ಸೇರಿ ಕೀಲಿನ ಮೇಲೆ 150 ಕೆ.ಜಿ.! ಮುಂದೆ ಬರ್ಲಿನ್‌ನ ಸಂಶೋಧಕರು ಕೃತಕ ಕೀಲಿನೊಳಗೇ ಸೆನ್ಸರ್ ಇಟ್ಟು ಅಳೆದಾಗಲೂ, ನಡೆಯುವಾಗ ಬೀಳೋ ಭಾರ ಮೈತೂಕದ ಎರಡೂವರೆ ಪಟ್ಟಿನ ಹತ್ತಿರವೇ ಬಂತು.

ಈಗ ಎಡಗೈಗೆ ಕೋಲು ಕೊಡಿ. ಆ ಕೈ ಬಲಗಡೆಯ ಕೀಲಿನಿಂದ ಸುಮಾರು 40 ಸೆಂ.ಮೀ. ದೂರ ಇದೆ. ತೋಳು ಉದ್ದ ಇರೋದರಿಂದ ಕೋಲಿನ ಮೇಲೆ ಬರೀ 5 ಕೆ.ಜಿ. ಊರಿದರೂ ಸ್ನಾಯುವಿನ ಎಳೆತ 100ರಿಂದ 60ಕ್ಕೆ ಇಳಿಯುತ್ತೆ, ಕೀಲಿನ ಭಾರ 150ರಿಂದ 105ಕ್ಕೆ. ಬಲಗೈಯಲ್ಲೇ ಹಿಡಿದರೆ ಈ ಸನ್ನೆಯ ಲಾಭ ಸಿಗೋದಿಲ್ಲ. ಮೈ ಆ ಕಡೆಗೇ ವಾಲಿಸಿಕೊಂಡು ಕುಂಟಬೇಕು. ಇದೇ ಲೆಕ್ಕದಲ್ಲಿ, ಮೈತೂಕ ಒಂದು ಕೆ.ಜಿ. ಇಳಿದರೆ ಕೀಲಿಗೆ ಎರಡೂವರೆ ಕೆ.ಜಿ. ಇಳಿದ ಹಾಗೆ.

ಅಮ್ಮನಿಗೆ ತಕ್ಕಡಿ ಅರ್ಥ ಆಯ್ತು. ಈಗ ಎಡಗೈಯಲ್ಲಿ ಕೋಲು ಹಿಡಿದೇ ಡೈರಿಗೆ ಹೋಗ್ತಾಳೆ. ಕೇಳಿದವರಿಗೆ ನಾಯಿ ಓಡಿಸೋಕೆ ಅಂತ ಹೇಳ್ತಾಳೆ.

ಹಾಗಂತ ಆಪರೇಷನ್ ಬೇಡ ಅನ್ನೋ ವಾದ ನನ್ನದಲ್ಲ. 1960ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್‌ಲಿ ಲೋಹದ ಗುಂಡು, ಪ್ಲಾಸ್ಟಿಕ್ ಬಟ್ಟಲಿನ ಕೀಲು ಕೂರಿಸೋಕೆ ಶುರು ಮಾಡಿದ ಮೇಲೆ ಲಕ್ಷಾಂತರ ಜನ ಮತ್ತೆ ನಡೆದಿದ್ದಾರೆ. ಬಿದ್ದು ಕಾಲೂರಲು ಆಗದಿದ್ದರೆ, ನೋವಿನ ಜೊತೆ ಜ್ವರ ಇದ್ದರೆ, ರಾತ್ರಿ ಮಲಗಿದಾಗಲೂ ನೋವು ಬಿಡದಿದ್ದರೆ ಡಾಕ್ಟರ ಹತ್ತಿರ ಹೋಗೋದೇ ಸರಿ. ಆದರೆ ಮಾತ್ರೆಗೂ ಆಪರೇಷನ್‌ಗೂ ನಡುವೆ ಮಾಡೋಕೆ ಏನೂ ಇಲ್ಲ ಅನ್ನೋದು ಸುಳ್ಳು.

ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಕೀಲು ಸವೆತಕ್ಕೆ ಮಾರ್ಗಸೂಚಿ ಹೊರಡಿಸಿತು. ಮೊದಲ ಸಾಲಿನಲ್ಲಿರೋದು ವ್ಯಾಯಾಮ, ತೂಕ ಇಳಿಕೆ, ರೋಗಿಗೆ ವಿಷಯ ತಿಳಿಸಿ ಹೇಳೋದು. ನೋವಿನ ಮಾತ್ರೆ ಬೇಕೇ ಬೇಕಾದರೆ ಕಡಿಮೆ ಪ್ರಮಾಣದಲ್ಲಿ, ಕಡಿಮೆ ದಿನ. ಸ್ಟಿರಾಯ್ಡ್ ಇಂಜೆಕ್ಷನ್‌ನಿಂದ ಸಿಗೋ ನೆಮ್ಮದಿ ಕೆಲವು ವಾರಗಳದ್ದು ಮಾತ್ರ. ಗ್ಲೂಕೋಸಮೀನ್ ಕೊಡಬೇಡಿ ಅಂತ ನೇರವಾಗೇ ಹೇಳಿದೆ. ಇಷ್ಟೆಲ್ಲ ಸೋಸಿದ ಮೇಲೂ ಪಟ್ಟಿಯಲ್ಲಿ ಒಂದು ಹಳೇ ವಸ್ತು ಉಳಿದಿದೆ: ಊರುಗೋಲು.

ಮುಂದಿನ ಸಲ ಊರಿಗೆ ಹೋದಾಗ ಕೋಲು ಹಿಡಿದ ಅಜ್ಜ ಅಜ್ಜಿಯರನ್ನು ಒಮ್ಮೆ ಗಮನಿಸಿ. ಕೋಲು ನೋವಿಲ್ಲದ ಕಡೆಯ ಕೈಯಲ್ಲಿರಲಿ, ನೋವಿರೋ ಕಾಲಿನ ಜೊತೆಗೇ ಮುಂದಕ್ಕೆ ಬರಲಿ. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಹಿಡಿಕೆ ಮಣಿಕಟ್ಟಿನ ಮಟ್ಟಕ್ಕಿರಲಿ, ತುದಿಗೆ ರಬ್ಬರ್ ಬಿರಡೆ ಇರಲಿ. ತರಕಾರಿ ಚೀಲ ಹಿಡಿಯೋದಾದರೆ ಹಗುರವಾದದ್ದು, ಅದೂ ನೋವಿರೋ ಕಡೆಯ ಕೈಯಲ್ಲಿ. ಇದನ್ನು ಹೇಳಿಕೊಡೋಕೆ ಐದು ನಿಮಿಷ ಸಾಕು.