ಖರ್ಜದ ತಂತಿ: ಮೀರಜ ತಂಬೂರಿ ಮತ್ತು ಬೇಸ್ ಗಿಟಾರ್‌ಗಳಲ್ಲಿ ಆಳಶ್ರುತಿಯ ತಂತಿ ಆಯ್ಕೆ

ರಾಯಬಾಗದಲ್ಲಿ ಹತ್ತಿದ ರೈಲು ಚಿಂಚಲಿ, ಕುಡಚಿ, ಉಗಾರ ದಾಟಿ ಮೀರಜ ಮುಟ್ಟುತ್ತದೆ. ಸಂಗೀತದ ಮಟ್ಟಿಗೆ ಈ ಸೀಮೆಗೆ ಮೀರಜವೇ ಹತ್ತಿರದ ಪೇಟೆ. ಧಾರವಾಡದ ಗಾಯಕ ಮಲ್ಲಿಕಾರ್ಜುನ ಮನಸೂರರು ನೀಲಕಂಠಬುವಾ ಅವರಲ್ಲಿ ಕಲಿತದ್ದೂ ಅಲ್ಲಿಯೇ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಆಯುಧ ಮಾಡುತ್ತಿದ್ದ ಶಿಕಲಗಾರ ಮನೆತನಗಳು ಅಲ್ಲಿ ಸಿತಾರ್, ತಂಬೂರಿಗಳ ಕಸುಬಿಗೆ ಇಳಿದವು. ಮೀರಜದ ಈ ಎರಡೂ ವಾದ್ಯಗಳಿಗೆ 2024ರಲ್ಲಿ ಭೌಗೋಳಿಕ ಸೂಚಕ ದೊರೆಯಿತು. ಬುರುಡೆ, ಮರ, ಕೆತ್ತನೆಗಳ ಬಗ್ಗೆ ಬರಹಗಳಿವೆ. ಅವುಗಳಲ್ಲಿ ತಂತಿಗೆ ಸಿಕ್ಕ ಜಾಗ ಕಡಿಮೆ. ಇಲ್ಲಿ ನೋಡುವುದು ತಂಬೂರಿಯ ನಾಲ್ಕನೆಯ ತಂತಿಯನ್ನು, ಅಂದರೆ ಮಂದ್ರ ಷಡ್ಜ ನುಡಿಸುವ ಖರ್ಜವನ್ನು. ಅತಿ ತಗ್ಗಿನ ಶ್ರುತಿಗೆ ಬೇಸ್ ಗಿಟಾರ್ ಕಟ್ಟುವವರು ಇಂದು ಎದುರಿಸುವ ತೊಡಕೇ ಈ ತಂತಿಯಲ್ಲೂ ಇದೆ. ತಂತಿ ಎಷ್ಟು ಭಾರ ಎನ್ನುವುದಕ್ಕಿಂತ ಎಷ್ಟು ಸುಲಭವಾಗಿ ಬಾಗುತ್ತದೆ ಎನ್ನುವುದೇ ಆಯ್ಕೆಯನ್ನು ನಿರ್ಧರಿಸುತ್ತದೆ ಎಂಬುದು ನನ್ನ ವಾದ.

ಮೊದಲು ಲೆಕ್ಕ. ತಂತಿಯ ಕಂಪನಸಂಖ್ಯೆ ಉದ್ದಕ್ಕೆ ವಿಲೋಮ, ಬಿಗಿತದ ವರ್ಗಮೂಲಕ್ಕೆ ಅನುಲೋಮ, ಮೀಟರಿಗೆ ಇಷ್ಟು ಎಂಬ ತೂಕದ ವರ್ಗಮೂಲಕ್ಕೆ ವಿಲೋಮ. ಹದಿನೇಳನೆಯ ಶತಮಾನದಲ್ಲಿ ಮರ್ಸೆನ್ ಕೊಟ್ಟ ನಿಯಮವಿದು. ಗಂಡಸರ ತಂಬೂರಿಯಲ್ಲಿ ನುಡಿಯುವ ತಂತಿಯ ಉದ್ದ ಒಂದು ಮೀಟರಿನ ಆಸುಪಾಸು. ಶ್ರುತಿಯನ್ನು ಹಾರ್ಮೋನಿಯಂ ಪೇಟಿಯ ಕಪ್ಪು ಒಂದು ಎಂದಿಟ್ಟುಕೊಂಡರೆ ಷಡ್ಜ ನುಡಿಸುವ ನಡುವಿನ ಜೋಡಿ ತಂತಿಗಳು 138.6 ಹರ್ಟ್ಜ್, ಖರ್ಜ 69.3 ಹರ್ಟ್ಜ್. ಜೋಡಿಗೆ 0.30 ಮಿ.ಮೀ. ಉಕ್ಕಿನ ತಂತಿ ಹಾಕಿದರೆ ಬಿಗಿತ ಸುಮಾರು 4.3 ಕೆ.ಜಿ. ಬರುತ್ತದೆ. ಅದೇ ಬಿಗಿತದಲ್ಲಿ ಒಂದು ಸಪ್ತಕ ಕೆಳಗಿಳಿಯಲು ತೂಕ ನಾಲ್ಕು ಪಟ್ಟಾಗಬೇಕು. ಉಕ್ಕಾದರೆ 0.60 ಮಿ.ಮೀ. ದಪ್ಪ ಬೇಕು, ಹಿತ್ತಾಳೆಗೆ 0.58 ಸಾಕು.

ದಪ್ಪದಲ್ಲಿ ಉಳಿತಾಯ ಶೇಕಡಾ ನಾಲ್ಕು ಮಾತ್ರ. ಹಿತ್ತಾಳೆ ಭಾರದ ಲೋಹ, ಅದಕ್ಕೇ ಖರ್ಜಕ್ಕೆ ಹಾಕುತ್ತಾರೆ ಎಂಬ ವಿವರಣೆ ಈ ಅಂಕಿಯ ಮುಂದೆ ನಿಲ್ಲುವುದಿಲ್ಲ. ನಿಜವಾದ ಲಾಭ ಬೇರೆ ಕಡೆ ಇದೆ. ಹಿತ್ತಾಳೆಯ ಸ್ಥಿತಿಸ್ಥಾಪಕ ಗುಣಾಂಕ ಉಕ್ಕಿನದರ ಅರ್ಧದಷ್ಟು, ಆದ್ದರಿಂದ ಅದು ಸುಲಭವಾಗಿ ಬಾಗುತ್ತದೆ. ಪೆಡಸಾದ ತಂತಿ ತನ್ನ ಮೇಲಿನ ಅನುಸ್ವರಗಳನ್ನು, ಅಂದರೆ ಮೂಲಸ್ವರದ ಇಮ್ಮಡಿ, ಮುಮ್ಮಡಿ ಕಂಪನಗಳ ಸಾಲನ್ನು, ಇರಬೇಕಾದ ಜಾಗದಿಂದ ಮೇಲಕ್ಕೆ ತಳ್ಳುತ್ತದೆ. ಈ ಏರಿಕೆ ದಪ್ಪದ ನಾಲ್ಕನೆಯ ಘಾತದಂತೆ ಹೆಚ್ಚಿ, ಬಿಗಿತ ಮತ್ತು ಉದ್ದದ ವರ್ಗದಂತೆ ತಗ್ಗುತ್ತದೆ. ಮೇಲಿನ ಎರಡು ತಂತಿಗಳಿಗೆ ಸೂತ್ರ ಹಾಕಿದರೆ ಹತ್ತನೆಯ ಅನುಸ್ವರ ಉಕ್ಕಿನಲ್ಲಿ ಸುಮಾರು 25 ಸೆಂಟ್, ಹಿತ್ತಾಳೆಯಲ್ಲಿ ಸುಮಾರು 11 ಸೆಂಟ್ ಮೇಲೇರುತ್ತದೆ. ಸೆಂಟ್ ಎಂದರೆ ಅರ್ಧಸ್ವರದ ನೂರನೆಯ ಒಂದು ಪಾಲು. 81/80 ಅನುಪಾತದ ಪ್ರಮಾಣಶ್ರುತಿ 21.5 ಸೆಂಟ್. ಉಕ್ಕಿನ ಖರ್ಜ ಒಂದು ಇಡೀ ಶ್ರುತಿಗಿಂತ ಹೆಚ್ಚು ತಪ್ಪುತ್ತದೆ, ಹಿತ್ತಾಳೆಯದು ಅರ್ಧ ಶ್ರುತಿಗೆ ನಿಲ್ಲುತ್ತದೆ. ಮೀರಜಕ್ಕೆ ಅಂಟಿಕೊಂಡಂತಿರುವ ಸಾಂಗ್ಲಿಯ ಕೆ. ಬಿ. ದೇವಲ 1910ರಲ್ಲಿ ಇಪ್ಪತ್ತೆರಡು ಶ್ರುತಿಗಳ ಗಣಿತವನ್ನು ಪುಸ್ತಕವಾಗಿ ತಂದರು. ಆ ಗಣಿತ ಹಿಡಿದು ಸ್ವರಸ್ಥಾನಗಳ ಮೇಲೆ ನಡೆದಷ್ಟು ವಾದ ತಂತಿಯ ಲೋಹದ ಮೇಲೂ ನಡೆಯಬೇಕಿತ್ತು ಎನಿಸುತ್ತದೆ.

ತಂಬೂರಿಯಲ್ಲಿ ಈ ಮೇಲಿನ ಅನುಸ್ವರಗಳು ಕಡೆಗಣಿಸುವಷ್ಟು ಸಣ್ಣವಲ್ಲ. ತಂತಿಗಳು ಕೂರುವ ಕುದುರೆಯ ಮೈ ಸಪಾಟಾಗಿದ್ದು ಸ್ವಲ್ಪವೇ ಬಾಗಿರುತ್ತದೆ, ತಂತಿಯ ಅಡಿಯಲ್ಲಿ ನೂಲೊಂದು ಕೂರುತ್ತದೆ. ತಂತಿ ಕಂಪಿಸುವಾಗ ಆ ಮೈಯನ್ನು ಸವರುತ್ತಾ ಏಳುತ್ತದೆ. ಸಿ. ವಿ. ರಾಮನ್ 1921ರ ಲೇಖನದಲ್ಲಿ ತೋರಿಸಿದ್ದು ಇದರ ಫಲವನ್ನೇ: ಮೀಟಿದ ಜಾಗದಲ್ಲಿ ನಿಶ್ಚಲಬಿಂದುವುಳ್ಳ ಅನುಸ್ವರಗಳು ಕೇಳಿಸಬಾರದು ಎಂಬ ಹಳೆಯ ನಿಯಮವನ್ನು ತಂಬೂರಿ, ವೀಣೆಗಳು ಮುರಿಯುತ್ತವೆ. ಜವಾರಿ ಎಂದು ಕಲಾವಿದರು ಕರೆಯುವ ಈ ಗುಂಗು ಅನುಸ್ವರಗಳ ಮೆರವಣಿಗೆ. 69 ಹರ್ಟ್ಜಿನ ಮೂಲಸ್ವರವನ್ನು ಬುರುಡೆ ಹೊರಗೆಸೆಯುವುದು ಅಲ್ಪ. ಷಡ್ಜದ ಆಳವನ್ನು ಕಿವಿ ಕಟ್ಟಿಕೊಳ್ಳುವುದು ಮೇಲಿನ ಸಾಲಿನಿಂದಲೇ. ಆ ಸಾಲು ಸರಿದಿದ್ದರೆ ಶ್ರುತಿ ಎಷ್ಟು ಕೂಡಿಸಿದರೂ ಖರ್ಜ ಬಾಯಿ ಬಿಡುವುದಿಲ್ಲ.

ಈಗ ತಗ್ಗಿಸುವ ಮಾತು. ಕಪ್ಪು ಒಂದರಿಂದ ನಾಲ್ಕು ಅರ್ಧಸ್ವರ ಕೆಳಗೆ, ಬಿಳಿ ಆರಕ್ಕೆ, ಹಾಡುಗಾರನೊಬ್ಬ ಇಳಿದ ಎನ್ನಿ. ಅದೇ ತಂತಿಯನ್ನು ಬಿರಡೆ ತಿರುಗಿಸಿ ಸಡಿಲಿಸಿದರೆ ಬಿಗಿತ 2.7 ಕೆ.ಜಿ.ಗೆ ಬೀಳುತ್ತದೆ. ಮೀಟಿದೊಡನೆ ಶ್ರುತಿ ಮೇಲೆದ್ದು ಮೆಲ್ಲಗೆ ಇಳಿಯುತ್ತದೆ, ಕುದುರೆಯ ಮೇಲೆ ತಂತಿ ಪಟಪಟ ಬಡಿಯುತ್ತದೆ. ಹಳೆಯ ಬಿಗಿತಕ್ಕಾಗಿ 0.73 ಮಿ.ಮೀ. ಹಿತ್ತಾಳೆ ಹಾಕಿದರೆ ಪೆಡಸುತನ ಎರಡೂವರೆ ಪಟ್ಟಾಗಿ, ನಾವು ಬಿಟ್ಟುಬಂದ ಉಕ್ಕಿನ ದೋಷವನ್ನೂ ಮೀರುತ್ತದೆ. ಹೆಂಗಸರ ಗಿಡ್ಡ ತಂಬೂರಿಯಲ್ಲಿ ತೊಡಕು ಇನ್ನೂ ಹೆಚ್ಚು. ಉದ್ದ 80 ಸೆಂ.ಮೀ.ಗೆ ಇಳಿದರೆ ಅದೇ ತಂತಿ ಅದೇ ಶ್ರುತಿಯಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಬಿಗಿತ ಕಳೆದುಕೊಳ್ಳುತ್ತದೆ. ಗಾಯಕಿ ಗಂಗೂಬಾಯಿ ಹಾನಗಲ್ಲರ ಕಂಠ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಂಡುದನಿಯಷ್ಟು ಆಳಕ್ಕಿಳಿಯಿತು. ಅಂಥ ಕಂಠಕ್ಕೆ ವಾದ್ಯ ಆರಿಸುವಾಗ ತಂತಿಗಿಂತ ಮೊದಲು ದಂಡಿಯ ಉದ್ದವನ್ನು ನೋಡಬೇಕು.

ಸವದತ್ತಿ ಎಲ್ಲಮ್ಮನ ಜೋಗತಿಯರು ನುಡಿಸುವ ತಂತಿವಾದ್ಯವಾದ ಚೌಡಿಕೆಯಲ್ಲಿ ಈ ಗೊಡವೆಯೇ ಇಲ್ಲ. ಅಲ್ಲಿ ಬಿಗಿತ ಕೈಯಲ್ಲೇ ಇದೆ, ಶ್ರುತಿ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ನಿಂತ ಶ್ರುತಿ ಬೇಕಾದಾಗಲೇ ತಂತಿಯ ಪ್ರಶ್ನೆ ಏಳುವುದು.

ಬೇಸ್ ಗಿಟಾರ್ ಇನ್ನೂ ಕೆಳಗಿಳಿದಿದೆ. ನಾಲ್ಕು ತಂತಿಯ ಬೇಸ್‌ನ ಕೆಳಗಿನ ತಂತಿ 41.2 ಹರ್ಟ್ಜ್, ಐದನೆಯದು ಸೇರಿದರೆ 30.9, ಇನ್ನೂ ಒಂದು ಸೇರಿಸಿದವರು 23.1ರವರೆಗೆ ಹೋಗುತ್ತಾರೆ. ಉದ್ದ ಮಾತ್ರ 34 ಇಂಚು, ಗಂಡಸರ ತಂಬೂರಿಗಿಂತ ಕಡಿಮೆ. ಒಂಟಿ ಲೋಹದ ತಂತಿಯಿಂದ ಇದು ಆಗದು. ಆದ್ದರಿಂದ ತೆಳ್ಳನೆಯ ಉಕ್ಕಿನ ತಿರುಳಿನ ಮೇಲೆ ನಿಕ್ಕಲ್ ಲೇಪದ ಅಥವಾ ಉಕ್ಕಿನ ತಂತಿ ಸುತ್ತುತ್ತಾರೆ. ತೂಕ ಸುತ್ತಿನಿಂದ, ಬಾಗು ತಿರುಳಿನಿಂದ. ಕೆಲವು ತಯಾರಕರು ಕುದುರೆಯ ಮೇಲೆ ಕೂರುವ ಭಾಗದಲ್ಲಿ ಸುತ್ತನ್ನು ತೆಳ್ಳಗೆ ಮಾಡುತ್ತಾರೆ. 0.130 ಇಂಚಿನ ತಂತಿ 30.9 ಹರ್ಟ್ಜಿನಲ್ಲಿ ಸುಮಾರು 15 ಕೆ.ಜಿ. ಬಿಗಿಯಿರುತ್ತದೆ. ಅದನ್ನೇ 23.1ಕ್ಕೆ ಇಳಿಸಿದರೆ ಒಂಬತ್ತು ಕೆ.ಜಿ.ಯೂ ಉಳಿಯದು, ಹಳೆಯ ಬಿಗಿತಕ್ಕೆ 0.175 ಇಂಚು ಬೇಕು. ಉದ್ದವನ್ನು 35 ಇಂಚಿಗೆ ಏರಿಸಿದರೆ ಬಿಗಿತದಲ್ಲಿ ಶೇಕಡಾ ಆರು ಸಿಗುತ್ತದೆ, 37ಕ್ಕೆ ಏರಿಸಿದರೆ ಹದಿನೆಂಟು. ಆಳಕ್ಕೆ ಇಳಿಯಲು ದಂಡಿ ಉದ್ದ ಮಾಡುವ ಈ ದಾರಿ ತಂಬೂರಿ ಮಾಡುವವರಿಗೆ ಹೊಸದಲ್ಲ.

ತಂಬೂರಿಯ ಖರ್ಜಕ್ಕೂ ಸುತ್ತಿದ ತಂತಿ ಹಾಕಬಹುದಲ್ಲ ಎಂದರೆ, ಗಣಿತ ಒಪ್ಪುತ್ತದೆ, ಕುದುರೆ ಒಪ್ಪುವುದಿಲ್ಲ. ಸುತ್ತಿನ ಏಣುಗಳು ಜವಾರಿಯ ನುಣುಪನ್ನು ಕೊರೆಯುತ್ತವೆ, ನೂಲು ಕೂರಿಸುವ ಸೂಕ್ಷ್ಮ ಜಾಗವೂ ಕೈ ತಪ್ಪುತ್ತದೆ. ನನ್ನ ದೃಷ್ಟಿಯಲ್ಲಿ ನಾಲ್ಕು ಅರ್ಧಸ್ವರದ ಇಳಿತಕ್ಕೆ ಬೇರೆ ತಂಬೂರಿಯೇ ಸರಿ, ಎರಡರೊಳಗಿನದಕ್ಕೆ ತಂತಿ ಬದಲಿಸಿದರೆ ಸಾಕು. ತಂತಿ ಕೊಳ್ಳುವಾಗ ನೆನಪಿಡಬೇಕಾದದ್ದು, ಗೇಜಿನ ನಂಬರು ಹೆಚ್ಚಾದಷ್ಟೂ ತಂತಿ ತೆಳುವಾಗುತ್ತದೆ: 24 ನಂಬರು 0.559 ಮಿ.ಮೀ., 23 ನಂಬರು 0.610, 22 ನಂಬರು 0.711. 24ರಿಂದ 22ಕ್ಕೆ ಹಾರಿದರೆ ಅದೇ ಶ್ರುತಿಯಲ್ಲಿ ಬಿಗಿತ ಶೇಕಡಾ 62 ಏರುತ್ತದೆ, 23ರಲ್ಲಿ ನಿಂತರೆ 19 ಮಾತ್ರ. ಈ 19 ಒಂದೂವರೆ ಅರ್ಧಸ್ವರದ ಇಳಿತಕ್ಕೆ ಸರಿಹೊಂದುತ್ತದೆ. ಯಾವುದನ್ನು ಹಾಕಿದರೂ ಜವಾರಿಯನ್ನು ಮತ್ತೆ ತಿದ್ದಿಸಬೇಕು, ತಂತಿಯ ಬೆಲೆಯ ಜೊತೆಗೆ ಆ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.