ರಾಜಾಜಿಯ ವಾರಪತ್ರಿಕೆ, ನಮ್ಮ ಮಕ್ಕಳ ಸ್ಲೇಟು

1956ರಲ್ಲಿ ಮದರಾಸಿನಲ್ಲಿ ಖಾಸಾ ಸುಬ್ಬರಾವ್ ‘ಸ್ವರಾಜ್ಯ’ ಎಂಬ ಇಂಗ್ಲಿಷ್ ವಾರಪತ್ರಿಕೆ ಶುರು ಮಾಡಿದರು. ಅದರ ಬೆನ್ನಿಗೆ ನಿಂತವರು ರಾಜಾಜಿ. ಎಂಬತ್ತರ ಅಂಚಿನ ಆ ಹಿರಿಯ ಅಲ್ಲಿ ಬರೆದೂ ಬರೆದೂ ನೆಹರೂ ಸರ್ಕಾರವನ್ನು ಕಾಡಿದರು, ‘ಪರ್ಮಿಟ್-ಲೈಸೆನ್ಸ್ ರಾಜ್’ ಅಂತ ಹಂಗಿಸಿದರು. 1959ರಲ್ಲಿ ಕಾಂಗ್ರೆಸ್ಸು ನಾಗಪುರದಲ್ಲಿ ಸಹಕಾರಿ ಬೇಸಾಯದ ಠರಾವು ಮಾಡಿದಾಗ, ರೈತನ ಹೊಲಕ್ಕೆ ಸರ್ಕಾರ ಕೈ ಹಾಕುತ್ತೆ ಅಂತ ಎದ್ದು ನಿಂತರು. ಅದೇ ವರ್ಷ ಸ್ವತಂತ್ರ ಪಕ್ಷ ಹುಟ್ಟಿತು. ಹೊಲವೇ ಇಲ್ಲದವನ ಮಾತು ಆ ಜಗಳದಲ್ಲಿ ಎಲ್ಲಿತ್ತು?

ಆದರೂ ಅವರನ್ನು ಓದಬೇಕು ಕಣ್ರಿ. ಒಂದು ಅರ್ಜಿಗೆ ತಾಲ್ಲೂಕು ಕಚೇರಿಗೆ ಹತ್ತು ಸಲ ಅಲೆದವನಿಗೆ, ಪರ್ಮಿಟ್ಟಿನ ದರ್ಬಾರಿನ ಬಗ್ಗೆ ಅವರು ಬರೆದದ್ದು ಸುಳ್ಳು ಅನಿಸೋದಿಲ್ಲ. ಓದುವಾಗ 1953ನೇ ಇಸವಿಯನ್ನು ಮಾತ್ರ ಪಕ್ಕದಲ್ಲೇ ಇಟ್ಟುಕೊಳ್ಳಿ. ಆಗ ಇದೇ ರಾಜಾಜಿ ಮದರಾಸಿನ ಮುಖ್ಯಮಂತ್ರಿ. ಹಳ್ಳಿ ಮಕ್ಕಳಿಗೆ ದಿನಕ್ಕೆ ಮೂರು ಗಂಟೆ ಶಾಲೆ, ಉಳಿದ ಹೊತ್ತು ಮನೆಯ ಕಸುಬು, ಇದು ಅವರ ಯೋಜನೆ. ಚಮ್ಮಾರನ ಮಗನಿಗೆ ಅಟ್ಟೆ, ಅಗಸನ ಮಗನಿಗೆ ಬಟ್ಟೆ. ಹೊಲಕ್ಕೆ ಬರುವ ಸರ್ಕಾರದ ಕೈ ಕಂಡವರಿಗೆ, ಮಗುವಿನ ಸ್ಲೇಟು ಕಸಿಯುವುದೂ ಸರ್ಕಾರದ ಕೈಯೇ ಅಂತ ಕಾಣಲಿಲ್ಲವೇ?

ದ್ರಾವಿಡ ಚಳವಳಿಯವರಿಗೆ ಕಂಡಿತು. ‘ಕುಲಕಲ್ವಿ’, ಅಂದರೆ ಕುಲದ ಓದು ಎಂದು ಕರೆದು ಬೀದಿಗಿಳಿದರು. 1954ರಲ್ಲಿ ರಾಜಾಜಿ ಕುರ್ಚಿ ಬಿಟ್ಟರು. ಕಾಮರಾಜ್ ಬಂದು ಆ ಯೋಜನೆಯನ್ನು ಕಿತ್ತುಹಾಕಿದರು.